ಮೆಸ್ಸೀಯ ಬಂದಾಗಿದೆಯೇ? ಬಾರ್ಸಿಲೋನಾದ ಒಂದು ವಾದದ ಕಥೆ

1263ರ ಜುಲೈ 20. ಬಾರ್ಸಿಲೋನಾ ನಗರದ ಅರಮನೆಯಲ್ಲಿ ಅರಗಾನ್ ರಾಜ್ಯದ ದೊರೆ ಒಂದನೇ ಜೇಮ್ಸ್ ಒಡ್ಡೋಲಗ ಕೊಟ್ಟು ಕುಳಿತಿದ್ದ. ಸುತ್ತಲೂ ಬಿಷಪ್ಪರು, ಸಾಮಂತರು, ಡೊಮಿನಿಕನ್ ಹಾಗೂ ಫ್ರಾನ್ಸಿಸ್ಕನ್ ಪಂಥಗಳ ಸಂನ್ಯಾಸಿಗಳು, ನಗರದ ಗಣ್ಯರು ನೆರೆದಿದ್ದರು. ಸಭೆಯ ನಡುವೆ ಎದುರುಬದುರಾಗಿ ಇಬ್ಬರು. ಒಬ್ಬರು ಪಾಬ್ಲೊ ಕ್ರಿಸ್ಟಿಯಾನಿ. ಹುಟ್ಟಿನಿಂದ ಯಹೂದಿಯಾಗಿದ್ದ ಅವರು ಕ್ರೈಸ್ತರಾಗಿ ಡೊಮಿನಿಕನ್ ದೀಕ್ಷೆ ಪಡೆದಿದ್ದರು. ಇನ್ನೊಬ್ಬರು ಜಿರೋನಾ ಪಟ್ಟಣದ ರಬ್ಬಿ ಮೋಸೆಸ್ ಬೆನ್ ನಹ್ಮಾನ್. ಎಪ್ಪತ್ತರ ಹತ್ತಿರದ ವಯಸ್ಸಿನ ವೈದ್ಯರು, ಧರ್ಮಶಾಸ್ತ್ರಜ್ಞರು, ಆ ಕಾಲದ ಸ್ಪೇನಿನ ಯಹೂದಿಗಳಲ್ಲಿ ಅಗ್ರಗಣ್ಯ ವಿದ್ವಾಂಸರು. ವಿದ್ವತ್ ಲೋಕ ಅವರನ್ನು ನಹ್ಮಾನಿಡೀಸ್ ಎಂದು ಗುರುತಿಸುತ್ತದೆ.

ಚರ್ಚೆಯ ವಿಷಯ ಮೂರು. ಪ್ರವಾದಿಗಳು ಹೇಳಿದ ಮೆಸ್ಸೀಯ ಈಗಾಗಲೇ ಬಂದಿದ್ದಾನೆಯೇ, ಇನ್ನು ಬರಬೇಕೇ? ಅವನು ದೇವರೇ, ಮನುಷ್ಯನೇ? ಸತ್ಯಧರ್ಮ ಯಾರ ಬಳಿ ಇದೆ? ಹೊರನೋಟಕ್ಕೆ ಇದೊಂದು ಶಾಸ್ತ್ರಾರ್ಥ. ಆದರೆ ಇಲ್ಲಿ ಇಬ್ಬರೂ ಸಮಾನ ನೆಲೆಯಲ್ಲಿ ನಿಂತಿರಲಿಲ್ಲ. ಪಾಬ್ಲೊ ಸೋತರೆ ಅವರಿಗೆ ಆಗುವ ನಷ್ಟ ಮುಖಭಂಗ ಮಾತ್ರ. ನಹ್ಮಾನಿಡೀಸ್ ಸೋತರೆ ಅರಗಾನಿನ ಯಹೂದಿಗಳೆಲ್ಲರ ಮೇಲೆ ಮತಾಂತರದ ಒತ್ತಡ ಬೀಳುತ್ತಿತ್ತು. ತೀರ ಚೆನ್ನಾಗಿ ಗೆದ್ದರೆ ದೇವದೂಷಣೆಯ ಆರೋಪ ಬರುತ್ತಿತ್ತು. ಇಪ್ಪತ್ತು ವರ್ಷಗಳಷ್ಟು ಹಿಂದೆ, 1240ರಲ್ಲಿ ಪ್ಯಾರಿಸ್ಸಿನಲ್ಲಿ ಇಂಥದೇ ಒಂದು ಸಭೆ ನಡೆದು, ಕೊನೆಗೆ ಯಹೂದಿಗಳ ಪವಿತ್ರ ಗ್ರಂಥವಾದ ತಾಲ್ಮುಡ್‌ನ ಹಸ್ತಪ್ರತಿಗಳನ್ನು ಗಾಡಿಗಟ್ಟಲೆ ತಂದು ಸುಟ್ಟಿದ್ದರು. ಆ ನೆನಪು ಇನ್ನೂ ಹಸಿಯಾಗಿತ್ತು. ಆದ್ದರಿಂದಲೇ ನಹ್ಮಾನಿಡೀಸ್ ವಾದಕ್ಕೆ ಮೊದಲು ಒಂದು ಷರತ್ತು ಹಾಕಿದರು: ತನಗೆ ಮುಕ್ತವಾಗಿ ಮಾತನಾಡುವ ಸ್ವಾತಂತ್ರ್ಯ ಬೇಕು. ದೊರೆ ಒಪ್ಪಿದ.

ಈ ವಾದದ ಬೇರು ಇನ್ನೂ ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಅದು ಇಂದಿಗೂ ಮುಗಿದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಮೊದಲು ‘ಮೆಸ್ಸೀಯ’ ಎಂಬ ಪದದಿಂದಲೇ ಆರಂಭಿಸಬೇಕು.

ಅಭಿಷೇಕಗೊಂಡವನು

ಹಿಬ್ರೂ ಭಾಷೆಯ ‘ಮಾಶಿಯಾಹ್’ ಎಂದರೆ ಎಣ್ಣೆಯಿಂದ ಅಭಿಷೇಕಗೊಂಡವನು. ಪಟ್ಟಾಭಿಷೇಕದ ಕಲ್ಪನೆ ಇರುವ ನಾಡಿನ ಓದುಗರಿಗೆ ಇದು ಅಪರಿಚಿತವಲ್ಲ. ಪ್ರಾಚೀನ ಇಸ್ರೇಲಿನಲ್ಲಿ ರಾಜರಿಗೆ, ಮಹಾಯಾಜಕರಿಗೆ ತಲೆಯ ಮೇಲೆ ಎಣ್ಣೆ ಸುರಿದು ಅಧಿಕಾರ ಕೊಡುತ್ತಿದ್ದರು. ಸೌಲ, ದಾವೀದ ಮುಂತಾದ ರಾಜರೆಲ್ಲ ಈ ಅರ್ಥದಲ್ಲಿ ‘ಅಭಿಷಿಕ್ತ’ರೇ. ಯೆಶಾಯನ ಗ್ರಂಥದ 45ನೇ ಅಧ್ಯಾಯದಲ್ಲಿ ಯಹೂದಿಯೇ ಅಲ್ಲದ ಪರ್ಷಿಯದ ಚಕ್ರವರ್ತಿ ಸೈರಸ್‌ನನ್ನೂ ದೇವರ ಅಭಿಷಿಕ್ತನೆಂದೇ ಕರೆಯಲಾಗಿದೆ. ಈ ಪದವನ್ನು ಗ್ರೀಕ್ ಭಾಷೆಗೆ ತಂದಾಗ ‘ಕ್ರಿಸ್ಟೋಸ್’ ಎಂದಾಯಿತು. ‘ಕ್ರಿಸ್ತ’ ಎಂಬುದು ಯೇಸುವಿನ ಅಡ್ಡಹೆಸರಲ್ಲ, ಬಿರುದು.

ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿಯದ ಸೇನೆ ಜೆರುಸಲೇಮನ್ನು ನೆಲಸಮ ಮಾಡಿ, ದೇವಾಲಯವನ್ನು ಸುಟ್ಟು, ದಾವೀದನ ವಂಶದ ಅರಸೊತ್ತಿಗೆಯನ್ನು ಕೊನೆಗಾಣಿಸಿತು. ಅಲ್ಲಿಂದ ಮುಂದೆ, ದಾವೀದನ ವಂಶದಲ್ಲಿ ಮತ್ತೊಬ್ಬ ಅಭಿಷಿಕ್ತ ಹುಟ್ಟಿ ಬಂದಾನು, ಚದುರಿದ ಜನರನ್ನು ಒಟ್ಟುಗೂಡಿಸಿಯಾನು, ನ್ಯಾಯದಿಂದ ಆಳಿಯಾನು ಎಂಬ ನಿರೀಕ್ಷೆ ಬಲಗೊಳ್ಳುತ್ತ ಹೋಯಿತು. 12ನೇ ಶತಮಾನದ ಯಹೂದಿ ದಾರ್ಶನಿಕ ಮೈಮೊನಿಡೀಸ್ ಈ ನಿರೀಕ್ಷೆಗೆ ಶಾಸ್ತ್ರೀಯ ರೂಪ ಕೊಟ್ಟರು. ಅವರ ಪ್ರಕಾರ ಮೆಸ್ಸೀಯ ರಕ್ತಮಾಂಸಗಳ ಮನುಷ್ಯ, ದಾವೀದನ ವಂಶದ ಅರಸು. ಅವನು ದೇವಾಲಯವನ್ನು ಮತ್ತೆ ಕಟ್ಟುತ್ತಾನೆ, ದೇಶಭ್ರಷ್ಟರನ್ನು ಮರಳಿ ಕರೆತರುತ್ತಾನೆ. ಇದನ್ನು ಸಾಧಿಸುವ ಮೊದಲೇ ಅವನು ಹತನಾದರೆ ಅವನು ಮೆಸ್ಸೀಯನಲ್ಲ ಎಂದೇ ತಿಳಿಯಬೇಕು.

ಯೇಸುವಿನ ಶಿಷ್ಯರಿಗೆ ಎದುರಾದ ಸಮಸ್ಯೆಯೂ ಇದೇ. ಅವರು ಮೆಸ್ಸೀಯನೆಂದು ನಂಬಿದ ಗುರುವನ್ನು ರೋಮನ್ನರು ಶಿಲುಬೆಗೇರಿಸಿದ್ದರು. ಸಾಮ್ರಾಜ್ಯ ಅಲುಗಾಡಿರಲಿಲ್ಲ, ಲೋಕದಲ್ಲಿ ಶಾಂತಿ ನೆಲೆಸಿರಲಿಲ್ಲ. ಆದರೆ ಆತ ಮರಣದಿಂದ ಎದ್ದು ಬಂದನೆಂಬುದು ಅವರ ಅಚಲ ನಂಬಿಕೆ. ಹಾಗಿದ್ದರೆ ಈ ಸಾವಿಗೆ ಅರ್ಥವೇನು? ಅವರೂ ಯಹೂದಿಗಳೇ ಆದ್ದರಿಂದ ಉತ್ತರಕ್ಕಾಗಿ ತಮ್ಮ ಪವಿತ್ರ ಗ್ರಂಥಗಳತ್ತಲೇ ತಿರುಗಿದರು. ಹಾಗೆ ತಿರುಗಿದಾಗ, ಹಿಂದೆ ಯಾರೂ ಮೆಸ್ಸೀಯನಿಗೆ ಅಷ್ಟಾಗಿ ಅನ್ವಯಿಸದಿದ್ದ ಕೆಲವು ಭಾಗಗಳು ಅವರ ಕಣ್ಣಿಗೆ ಹೊಸ ಬೆಳಕಿನಲ್ಲಿ ಕಾಣಿಸಿದವು. ಮೆಸ್ಸೀಯ ಮೊದಲು ನೋವುಣ್ಣಲು ಬರುತ್ತಾನೆ, ಆಳಲು ಇನ್ನೊಮ್ಮೆ ಬರುತ್ತಾನೆ ಎಂಬ ಕ್ರೈಸ್ತ ಸಿದ್ಧಾಂತ ರೂಪುಗೊಂಡಿತು. ಎರಡು ಧರ್ಮಗಳ ದಾರಿ ಕವಲೊಡೆದದ್ದು ಇಲ್ಲಿ.

ಗ್ರಂಥಗಳು ಬಹುಮಟ್ಟಿಗೆ ಅವೇ ಆದರೂ ಜೋಡಣೆ ಬದಲಾಯಿತು ಎಂಬುದು ಗಮನಾರ್ಹ. ಯಹೂದಿಗಳ ಗ್ರಂಥಸಂಕಲನ ಪೂರ್ವಕಾಲದ ವೃತ್ತಾಂತಗಳೊಂದಿಗೆ, ಜೆರುಸಲೇಮಿಗೆ ಮರಳಿರೆಂಬ ಸೈರಸ್‌ನ ಅಪ್ಪಣೆಯೊಂದಿಗೆ ಮುಗಿಯುತ್ತದೆ. ಕ್ರೈಸ್ತರ ‘ಹಳೆಯ ಒಡಂಬಡಿಕೆ’ ಪ್ರವಾದಿ ಮಲಾಕಿಯ ಮಾತಿನಿಂದ, ಎಲೀಯ ಬರುವನೆಂಬ ಭರವಸೆಯೊಂದಿಗೆ ಮುಗಿಯುತ್ತದೆ. ಮರುಪುಟದಲ್ಲೇ ಹೊಸ ಒಡಂಬಡಿಕೆ, ಮತ್ತಾಯನ ಸುವಾರ್ತೆ. ಒಂದು ಕಥೆ ಊರಿಗೆ ಮರಳುವುದರಲ್ಲಿ ಮುಗಿದರೆ ಇನ್ನೊಂದು ಬರುವವನ ದಾರಿ ಕಾಯುತ್ತ ನಿಲ್ಲುತ್ತದೆ.

ಕನ್ಯೆಯೋ, ತರುಣಿಯೋ?

ಈ ವಿವಾದದಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದದ್ದು ಯೆಶಾಯನ 7ನೇ ಅಧ್ಯಾಯದ 14ನೇ ವಚನ. ಅದರ ಸಂದರ್ಭ ಕ್ರಿ.ಪೂ. 730ರ ದಶಕದ ಯುದ್ಧ. ಯೂದಾಯದ ಅರಸ ಆಹಾಜನ ಮೇಲೆ ನೆರೆಯ ಇಬ್ಬರು ರಾಜರು, ಅರಾಮಿನ ರೆಚೀನ ಮತ್ತು ಉತ್ತರ ಇಸ್ರೇಲಿನ ಪೆಕಹ, ಒಟ್ಟಾಗಿ ದಂಡೆತ್ತಿ ಬಂದಿದ್ದಾರೆ. ಕಂಗೆಟ್ಟ ಅರಸನಿಗೆ ಪ್ರವಾದಿ ಧೈರ್ಯ ಹೇಳುತ್ತಾನೆ. ಗುರುತಾಗಿ ಒಂದು ಮಗು ಹುಟ್ಟುತ್ತದೆ. ಅದಕ್ಕೆ ‘ದೇವರು ನಮ್ಮ ಸಂಗಡ ಇದ್ದಾನೆ’ ಎಂಬ ಅರ್ಥದ ಇಮ್ಮಾನುವೇಲ್ ಎಂಬ ಹೆಸರಿಡುತ್ತಾರೆ. ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ವಯಸ್ಸಾಗುವಷ್ಟರಲ್ಲಿ ಈ ಇಬ್ಬರು ರಾಜರ ನಾಡು ಬರಿದಾಗುತ್ತದೆ ಎಂಬುದು ಅವನ ಮಾತಿನ ಸಾರ. ಚರಿತ್ರೆಯಲ್ಲಿ ನಡೆದದ್ದೂ ಹಾಗೆಯೇ. ಕ್ರಿ.ಪೂ. 732ರಲ್ಲಿ ದಮಾಸ್ಕಸ್ ಅಸ್ಸೀರಿಯರ ವಶವಾಯಿತು. ಹತ್ತು ವರ್ಷಗಳ ಬಳಿಕ ಸಮಾರ್ಯವೂ ಬಿತ್ತು.

ಆ ಮಗುವಿನ ತಾಯಿಯನ್ನು ಯೆಶಾಯ ‘ಅಲ್ಮಾ’ ಎಂದು ಕರೆಯುತ್ತಾನೆ. ಹಿಬ್ರೂವಿನಲ್ಲಿ ಇದರ ಅರ್ಥ ಹರೆಯದ ಹೆಣ್ಣು, ತರುಣಿ. ಕನ್ಯತ್ವವನ್ನು ಒತ್ತಿ ಹೇಳಬೇಕಾದಾಗ ಸಾಮಾನ್ಯವಾಗಿ ಬಳಕೆಯಾಗುವ ಪದ ‘ಬೆತುಲಾ’. ಆದರೆ ಕ್ರಿ.ಪೂ. ಕಾಲದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಮತ್ತು ಅದರ ಆಸುಪಾಸಿನ ಯಹೂದಿ ಸಮುದಾಯಕ್ಕಾಗಿ ಗ್ರೀಕ್ ಅನುವಾದ ಸಿದ್ಧವಾದಾಗ, ಈ ಜಾಗದಲ್ಲಿ ‘ಪಾರ್ಥೆನೋಸ್’ ಎಂಬ ಪದ ಬಂತು. ಗ್ರೀಕ್ ಓದುಗನ ಕಿವಿಗೆ ಅದು ‘ಕನ್ಯೆ’. ಮತ್ತಾಯ ತನ್ನ ಸುವಾರ್ತೆಯನ್ನು ಗ್ರೀಕಿನಲ್ಲಿ ಬರೆಯುವಾಗ ಈ ಅನುವಾದವನ್ನೇ ಆಧರಿಸಿ, ಮರಿಯಳಲ್ಲಿ ಯೇಸು ಜನಿಸಿದ್ದು ಪ್ರವಾದಿಯ ಮಾತಿನ ನೆರವೇರಿಕೆ ಎಂದ.

ಇದಕ್ಕೆ ಯಹೂದಿಗಳ ಆಕ್ಷೇಪ ಎಷ್ಟು ಹಳೆಯದೆಂದರೆ, ಕ್ರಿ.ಶ. 2ನೇ ಶತಮಾನದ ನಡುವಿನಲ್ಲಿ ಕ್ರೈಸ್ತ ಚಿಂತಕ ಜಸ್ಟಿನ್ ಬರೆದ ಸಂವಾದ ಗ್ರಂಥದಲ್ಲೇ ಅದು ಸಿಗುತ್ತದೆ. ಅಲ್ಲಿ ಟ್ರಿಫೋ ಎಂಬ ಯಹೂದಿ, ಮೂಲದಲ್ಲಿರುವುದು ತರುಣಿಯೇ ಹೊರತು ಕನ್ಯೆಯಲ್ಲ, ಆ ಮಗು ಆಹಾಜನ ಮಗ ಹಿಜ್ಕೀಯ ಎನ್ನುತ್ತಾನೆ. ಜಸ್ಟಿನ್‌ನ ಉತ್ತರವೂ ಚುರುಕಾದದ್ದೇ: ತರುಣಿಯೊಬ್ಬಳು ಮಗು ಹೆರುವುದು ದಿನನಿತ್ಯದ ಸಂಗತಿ, ಅದನ್ನು ದೇವರು ಗುರುತೆಂದು ಏಕೆ ಕೊಟ್ಟಾನು? ಗುರುತೆಂದರೆ ಪವಾಡವೇ ಆಗಬೇಕಿಲ್ಲ, ಯೆಶಾಯ ತನ್ನ ಸ್ವಂತ ಮಕ್ಕಳನ್ನೂ ಗುರುತುಗಳೆಂದೇ ಕರೆದಿದ್ದಾನೆ ಎಂಬುದು ಯಹೂದಿ ಪಕ್ಷದ ಮರುಮಾತು.

ವಾಸ್ತವವಾಗಿ ಎರಡೂ ಪಕ್ಷಗಳಿಗೆ ಇಲ್ಲಿ ಇಕ್ಕಟ್ಟುಗಳಿವೆ. ಹಿಜ್ಕೀಯ ಆ ಹೊತ್ತಿಗಾಗಲೇ ಹುಟ್ಟಿದ್ದಿರಬೇಕೆಂಬ ಲೆಕ್ಕವಿರುವುದರಿಂದ, ಮಗು ಪ್ರವಾದಿಯದೇ ಎಂದು ರಾಶಿ ಮುಂತಾದ ಮಧ್ಯಯುಗದ ಯಹೂದಿ ವ್ಯಾಖ್ಯಾನಕಾರರು ಹೇಳಿದರು. ಇತ್ತ ‘ಪಾರ್ಥೆನೋಸ್’ ಪದವೂ ಅಷ್ಟು ಬಿಗಿಯಾದದ್ದಲ್ಲ. ಆದಿಕಾಂಡದ 34ನೇ ಅಧ್ಯಾಯದಲ್ಲಿ ಬಲಾತ್ಕಾರಕ್ಕೆ ಒಳಗಾದ ನಂತರವೂ ಯಾಕೋಬನ ಮಗಳು ದೀನಳನ್ನು ಅದೇ ಗ್ರೀಕ್ ಅನುವಾದ ಆ ಪದದಿಂದಲೇ ಕರೆಯುತ್ತದೆ. ‘ಬೆತುಲಾ’ ಕೂಡ ಪ್ರವಾದಿ ಯೋವೇಲನಲ್ಲಿ ತನ್ನ ಯೌವನದ ಪತಿಗಾಗಿ ಅಳುವ ಹೆಣ್ಣಿಗೆ ಬಳಕೆಯಾಗಿದೆ. ಒಂದು ಪದದ ಮೇಲೆ ಇಡೀ ಧರ್ಮದ ಭಾರ ಹೊರಿಸಲು ಹೋದಾಗ ಆ ಪದ ಅಷ್ಟು ಭಾರ ತಾಳುವುದಿಲ್ಲ.

ನೋವುಂಡ ಸೇವಕ ಯಾರು?

ಕ್ರೈಸ್ತ ವಾದಕ್ಕೆ ಅತ್ಯಂತ ಬಲ ಕೊಡುವ ಭಾಗ ಯೆಶಾಯನ 53ನೇ ಅಧ್ಯಾಯ. ಅಲ್ಲಿ ಹೆಸರಿಲ್ಲದ ಒಬ್ಬ ‘ಸೇವಕ’ನ ಚಿತ್ರವಿದೆ. ಜನ ಅವನನ್ನು ಹೀನಾಯವಾಗಿ ಕಾಣುತ್ತಾರೆ. ಅವನು ಬೇರೆಯವರ ತಪ್ಪಿಗಾಗಿ ಪೆಟ್ಟು ತಿನ್ನುತ್ತಾನೆ, ವಧೆಗೆ ಒಯ್ಯುವ ಕುರಿಮರಿಯಂತೆ ಬಾಯಿ ತೆರೆಯದೆ ಸಾಗುತ್ತಾನೆ. ಶಿಲುಬೆಯ ಕಥೆ ಬಲ್ಲವರಿಗೆ ಇದು ಯೇಸುವಿನ ಕಣ್ಣಾರೆ ಕಂಡ ವರ್ಣನೆಯಂತೆಯೇ ತೋರುತ್ತದೆ. ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಇದೇ ಭಾಗ ಓದುತ್ತ, ಪ್ರವಾದಿ ಮಾತಾಡುತ್ತಿರುವುದು ತನ್ನ ಬಗೆಗೋ ಬೇರೊಬ್ಬನ ಬಗೆಗೋ ಎಂದು ಫಿಲಿಪ್ಪನನ್ನು ಕೇಳುತ್ತಾನೆ. ಎರಡು ಸಾವಿರ ವರ್ಷಗಳ ಚರ್ಚೆ ಆ ಒಂದು ಪ್ರಶ್ನೆಯಲ್ಲೇ ಅಡಗಿದೆ.

ಯಹೂದಿಗಳ ಉತ್ತರ: ಸೇವಕನೆಂದರೆ ಇಸ್ರೇಲ್ ಜನಾಂಗ. ಯೆಶಾಯನ 41, 44, 49ನೇ ಅಧ್ಯಾಯಗಳಲ್ಲಿ ಸೇವಕನನ್ನು ಇಸ್ರೇಲ್ ಎಂದು ಹೆಸರು ಹಿಡಿದೇ ಕರೆದಿದೆ. ಪರರ ನಾಡಿನಲ್ಲಿ ಒದೆ ತಿಂದು ಬದುಕಿದ ಜನಾಂಗದ ಕಥೆಯನ್ನೇ ಇಲ್ಲಿ ಒಬ್ಬ ವ್ಯಕ್ತಿಯ ಕಥೆಯಾಗಿ ಹೇಳಿದೆ. ಕ್ರೈಸ್ತರ ಪ್ರತಿವಾದ: 49ನೇ ಅಧ್ಯಾಯದಲ್ಲೇ ಸೇವಕನಿಗೆ ಇಸ್ರೇಲನ್ನು ದೇವರ ಬಳಿಗೆ ತಿರುಗಿಸುವ ಕೆಲಸ ಒಪ್ಪಿಸಲಾಗಿದೆ, ಜನಾಂಗವೇ ಜನಾಂಗವನ್ನು ತಿರುಗಿಸುವುದು ಹೇಗೆ? ಅಲ್ಲದೆ 53ನೇ ಅಧ್ಯಾಯದ ಸೇವಕ ನಿರಪರಾಧಿ. ಪ್ರವಾದಿಗಳು ಇಸ್ರೇಲನ್ನು ನಿರಪರಾಧಿಯೆಂದು ಎಲ್ಲಿ ಹೊಗಳಿದ್ದಾರೆ?

ಜನಾಂಗದ ಅರ್ಥವನ್ನು 11ನೇ ಶತಮಾನದ ರಾಶಿ ಹೊಸದಾಗಿ ಹುಟ್ಟಿಸಿದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. 3ನೇ ಶತಮಾನದ ಕ್ರೈಸ್ತ ಪಂಡಿತ ಓರಿಜೆನ್, ತನ್ನೊಡನೆ ವಾದಿಸಿದ ಯಹೂದಿಗಳು ಇದನ್ನು ಇಡೀ ಜನಾಂಗಕ್ಕೆ ಅನ್ವಯಿಸಿದರೆಂದು ತಾನೇ ದಾಖಲಿಸಿದ್ದಾನೆ. ಹಾಗೆಯೇ, ಯಹೂದಿಗಳು ಇದನ್ನು ಮೆಸ್ಸೀಯನಿಗೆ ಎಂದೂ ಅನ್ವಯಿಸಿಲ್ಲ ಎಂಬುದೂ ಸರಿಯಲ್ಲ. ತಾಲ್ಮುಡ್‌ನ ಒಂದು ಕಡೆ ಈ ಅಧ್ಯಾಯದ ಆಧಾರದಿಂದಲೇ ಮೆಸ್ಸೀಯನನ್ನು ರೋಗಪೀಡಿತನೆಂದು ವರ್ಣಿಸಿದೆ. ಪ್ರಾಚೀನ ಅರಾಮಿಕ್ ಅನುವಾದ ಸೇವಕನನ್ನು ಮೆಸ್ಸೀಯನೆಂದೇ ಕರೆಯುತ್ತದೆ. ಆದರೆ ನೋವನ್ನೆಲ್ಲ ಅವನಿಂದ ತೆಗೆದು ಬೇರೆಯವರ ಮೇಲೆ ಹಾಕುತ್ತದೆ!

ಒಂದು ಗೀಟಿನ ಅಂತರ

ಕೀರ್ತನೆಗಳ 22ನೆಯದು ಇನ್ನೊಂದು ಉದಾಹರಣೆ. ಶಿಲುಬೆಯ ಮೇಲೆ ಯೇಸು ಕೂಗಿಕೊಂಡದ್ದು ಈ ಕೀರ್ತನೆಯ ಮೊದಲ ಮಾತುಗಳನ್ನೇ. ಅದರ ಮಧ್ಯದಲ್ಲಿ ಕೈಕಾಲುಗಳನ್ನು ಕುರಿತ ಒಂದು ಮಾತು ಬರುತ್ತದೆ. ಯಹೂದಿಗಳ ಸಾಂಪ್ರದಾಯಿಕ ಪಾಠದಲ್ಲಿ ಅಲ್ಲಿರುವುದು ‘ಕಾಅರಿ’, ಅಂದರೆ ‘ಸಿಂಹದಂತೆ’. ಹಳೆಯ ಗ್ರೀಕ್ ಅನುವಾದದಲ್ಲಿರುವುದು ‘ಅಗೆದರು’ ಎಂಬ ಕ್ರಿಯಾಪದ. ಕ್ರೈಸ್ತರು ಅದನ್ನು ಮೊಳೆ ಹೊಡೆದು ‘ಚುಚ್ಚಿದರು’ ಎಂದು ತಿಳಿದರು. ಹಿಬ್ರೂವಿನಲ್ಲಿ ‘ಕಾಅರಿ’ ಮತ್ತು ‘ಕಾಅರು’ ನಡುವಿನ ವ್ಯತ್ಯಾಸ ಒಂದೇ ಅಕ್ಷರ. ‘ಯೋದ್’ ಎಂಬ ಅಕ್ಷರದ ಗೀಟನ್ನು ತುಸು ಕೆಳಕ್ಕೆ ಎಳೆದರೆ ‘ವಾವ್’ ಆಗುತ್ತದೆ. ಯಹೂದಿಗಳು ತಿದ್ದಿದರೆಂದು ಕ್ರೈಸ್ತರು, ಕ್ರೈಸ್ತರು ತಿರುಚಿದರೆಂದು ಯಹೂದಿಗಳು ಶತಮಾನಗಳ ಕಾಲ ಪರಸ್ಪರ ದೂರಿದರು. ಮೃತ ಸಮುದ್ರದ ಸಮೀಪದ ನಹಲ್ ಹೆವೆರ್ ಎಂಬಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ತುಣುಕಿನಲ್ಲಿ ‘ಕಾಅರು’ ಎಂಬ ರೂಪವೇ ಕಾಣುತ್ತದೆಂದು ಹಲವು ವಿದ್ವಾಂಸರು ಓದಿದ್ದಾರೆ. ಆದರೆ ಆ ರೂಪದ ಅರ್ಥವೇ ಸ್ಪಷ್ಟವಿಲ್ಲ. ‘ಚುಚ್ಚಿದರು’ ಎಂದೇ ಆಗಬೇಕೆಂಬ ಖಾತ್ರಿಯೂ ಇಲ್ಲ. ಹಸ್ತಪ್ರತಿ ಸಿಕ್ಕಿತು, ತೀರ್ಪು ಸಿಗಲಿಲ್ಲ.

ಒಂದಕ್ಷರದಿಂದ ದರ್ಶನವೇ ಬದಲಾಗುವುದು ಭಾರತೀಯ ಓದುಗರಿಗೆ ಹೊಸದಲ್ಲ. ಬಾರ್ಸಿಲೋನಾದ ವಾದ ನಡೆದ ಅದೇ 13ನೇ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ಛಾಂದೋಗ್ಯದ ಪ್ರಸಿದ್ಧ ಮಹಾವಾಕ್ಯವನ್ನು ಒಂದು ‘ಅ’ಕಾರದೊಂದಿಗೆ ಬಿಡಿಸಿ ಓದಿ, ಅದ್ವೈತಿಗಳು ಅಭೇದ ಕಂಡಲ್ಲಿ ಭೇದವನ್ನು ತೋರಿಸಿದ್ದರು.

ಭವಿಷ್ಯವಾಣಿಯೋ, ಪ್ರತಿಬಿಂಬವೋ?

ಇಷ್ಟಕ್ಕೂ ಒಂದು ಮಾತು ‘ನೆರವೇರಿತು’ ಎಂದರೇನು? ಬಾಲಕ ಯೇಸುವನ್ನು ಹೆತ್ತವರು ಈಜಿಪ್ಟಿಗೆ ಕರೆದೊಯ್ದು ಮರಳಿ ತಂದ ಪ್ರಸಂಗದಲ್ಲಿ ಮತ್ತಾಯ, ದೇವರು ತನ್ನ ಮಗನನ್ನು ಈಜಿಪ್ಟಿನಿಂದ ಕರೆದನೆಂಬ ಹೋಶೇಯನ ಮಾತು ನೆರವೇರಿತು ಎನ್ನುತ್ತಾನೆ. ಆದರೆ ಹೋಶೇಯ ಅಲ್ಲಿ ಹೇಳುತ್ತಿರುವುದು ಮುಂದಿನದನ್ನಲ್ಲ, ಹಿಂದಿನದನ್ನು. ಮೋಶೆಯ ಕಾಲದಲ್ಲಿ ಇಸ್ರೇಲ್ ಜನಾಂಗ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದದ್ದನ್ನು. ಇದು ಮತ್ತಾಯನಿಗೆ ಗೊತ್ತಿರಲಿಲ್ಲವೆನ್ನಲಾಗದು. ಇಸ್ರೇಲಿನ ಕಥೆ ಯೇಸುವಿನ ಬದುಕಿನಲ್ಲಿ ಮತ್ತೊಮ್ಮೆ ಪೂರ್ಣವಾಗಿ ಪ್ರತಿಬಿಂಬಿತವಾಯಿತೆಂಬುದು ಆತನ ಆಶಯ.

ಇಂಥ ಓದು ಆ ಕಾಲದ ಯಹೂದಿಗಳಿಗೂ ಅಪರಿಚಿತವಾಗಿರಲಿಲ್ಲ. ಮೃತ ಸಮುದ್ರದ ದಡದ ಕುಮ್ರಾನ್‌ನಲ್ಲಿ ಸಿಕ್ಕ ಹಬಕ್ಕೂಕನ ವ್ಯಾಖ್ಯಾನದಲ್ಲಿ ಆ ಪಂಥದವರು ಶತಮಾನಗಳ ಹಿಂದಿನ ಪ್ರವಾದಿಯ ಒಂದೊಂದು ಸಾಲನ್ನೂ ತಮ್ಮ ಗುರುವಿಗೆ, ತಮ್ಮ ವೈರಿಗಳಿಗೆ ಹೊಂದಿಸಿ ಓದಿದ್ದಾರೆ. ತೊಡಕು ಬಂದದ್ದು ಮುಂದೆ. ನಂಬಿಕೆಯ ಒಳಗಿನಿಂದ ಹುಟ್ಟಿದ ಈ ಓದನ್ನು ನಂಬದವರ ಮುಂದೆ ಪುರಾವೆಯೆಂದು ಇಟ್ಟಾಗ, ಅದೂ ರಾಜಸಭೆಯಲ್ಲಿ ಇಟ್ಟಾಗ, ಅದು ಬೇರೆಯೇ ರೂಪ ತಾಳಿತು.

ಅರಮನೆಯ ವಾದ

ಪಾಬ್ಲೊ ತಂದ ತಂತ್ರ ಹೊಸದು. ಪ್ರವಾದಿಗಳ ಮಾತಿನ ಜೊತೆಗೆ ಯಹೂದಿಗಳದೇ ತಾಲ್ಮುಡ್ ಹಾಗೂ ಮಿದ್ರಾಶ್ ಕಥೆಗಳಿಂದ ಮೆಸ್ಸೀಯ ಬಂದಾಗಿದೆಯೆಂದು ತೋರಿಸುವುದು. ಯಾಕೋಬನು ತನ್ನ ಮಗ ಯೂದನಿಗೆ ಕೊಟ್ಟ ಆಶೀರ್ವಾದದಿಂದ ಅವರು ಆರಂಭಿಸಿದರು. ‘ಶೀಲೋ’ ಬರುವ ತನಕ ರಾಜದಂಡ ಯೂದನ ವಂಶವನ್ನು ಬಿಟ್ಟು ಹೋಗದೆಂದು ಆದಿಕಾಂಡ ಹೇಳುತ್ತದೆ. ಈಗ ಯಹೂದಿಗಳಿಗೆ ರಾಜ್ಯವಿಲ್ಲ. ಆದ್ದರಿಂದ ಬರಬೇಕಾದವನು ಬಂದಾಗಿದೆ. ನಹ್ಮಾನಿಡೀಸ್ ಉತ್ತರಿಸಿದರು: ಬ್ಯಾಬಿಲೋನಿಯದ ಸೆರೆಯ ಕಾಲದಲ್ಲೂ ರಾಜ್ಯವಿರಲಿಲ್ಲ, ಆಗ ಯೇಸು ಹುಟ್ಟಿರಲೂ ಇಲ್ಲ. ಅರಸೊತ್ತಿಗೆ ತಾತ್ಕಾಲಿಕವಾಗಿ ತಪ್ಪಬಹುದು, ಹಕ್ಕು ತಪ್ಪದು ಎಂಬುದೇ ಆ ಮಾತಿನ ಅರ್ಥ.

ಪಾಬ್ಲೊ ಇನ್ನೊಂದು ಕಥೆ ತೆಗೆದರು. ದೇವಾಲಯ ನಾಶವಾದ ದಿನವೇ ಮೆಸ್ಸೀಯ ಹುಟ್ಟಿದನೆಂದು ಮಿದ್ರಾಶ್ ಹೇಳುತ್ತದೆ. ಈ ಕಥೆಯನ್ನು ತಾನು ನಂಬುವುದಿಲ್ಲ ಎಂದು ನಹ್ಮಾನಿಡೀಸ್ ಹೇಳಿದಾಗ ಸಭೆ ಚಕಿತವಾಯಿತು. ಅವರು ವಿವರಿಸಿದರು: ಬೈಬಲ್ ಎಲ್ಲ ಯಹೂದಿಗಳಿಗೂ ಪ್ರಮಾಣ, ತಾಲ್ಮುಡ್ ಧರ್ಮವಿಧಿಗಳ ವ್ಯಾಖ್ಯಾನ, ಮಿದ್ರಾಶ್ ಎಂದರೆ ಬಿಷಪ್ಪರೊಬ್ಬರು ಮಾಡುವ ಪ್ರವಚನದ ಹಾಗೆ, ಇಷ್ಟವಾದವರು ಒಪ್ಪಬಹುದು. ಅಷ್ಟಕ್ಕೂ ಕಥೆಯನ್ನು ಒಪ್ಪಿದರೂ ಅದು ತನ್ನ ಪಕ್ಷವನ್ನೇ ಸಮರ್ಥಿಸುತ್ತದೆ ಎಂದರು. ದೇವಾಲಯ ನಾಶವಾದದ್ದು ಕ್ರಿ.ಶ. 70ರಲ್ಲಿ, ಕ್ರೈಸ್ತರ ಲೆಕ್ಕದಂತೆ ಯೇಸು ಹುಟ್ಟಿದ್ದು ಅದಕ್ಕೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಮೊದಲು. ಮೇಲಾಗಿ ಹುಟ್ಟುವುದು ಬೇರೆ, ಬರುವುದು ಬೇರೆ. ಮೋಶೆ ಹುಟ್ಟಿದ ದಿನವೇ ಬಿಡುಗಡೆಗಾರನಾಗಲಿಲ್ಲ. ಫರೋಹನ ಮುಂದೆ ಹೋಗಿ ನಿಂತಾಗ ಆದ.

ಅವರ ಅತ್ಯಂತ ತೀಕ್ಷ್ಣವಾದ ವಾದ ಪದಗಳನ್ನು ಕುರಿತದ್ದಲ್ಲ, ಲೋಕವನ್ನು ಕುರಿತದ್ದು. ಮೆಸ್ಸೀಯ ಬಂದಾಗ ಜನಾಂಗಗಳು ಯುದ್ಧವಿದ್ಯೆಯನ್ನೇ ಮರೆಯುತ್ತವೆ ಎಂದು ಪ್ರವಾದಿಗಳು ಹೇಳಿದ್ದಾರೆ. ಯೇಸುವಿನ ಕಾಲದಿಂದ ಇಂದಿನವರೆಗೆ ಲೋಕ ಹಿಂಸೆ, ಸುಲಿಗೆಗಳಿಂದ ತುಂಬಿದೆಯಲ್ಲ ಎಂದ ನಹ್ಮಾನಿಡೀಸ್ ದೊರೆಯತ್ತ ತಿರುಗಿ, ಯುದ್ಧ ಕಲಿಯುವುದನ್ನೇ ಬಿಡಬೇಕಾದರೆ ತಮಗೂ ತಮ್ಮ ಸರದಾರರಿಗೂ ಎಷ್ಟು ಕಷ್ಟವಾದೀತು ಎಂದು ಕೇಳಿದರು. ಬದುಕಿನ ಬಹುಭಾಗವನ್ನು ದಂಡಯಾತ್ರೆಗಳಲ್ಲೇ ಕಳೆದ ದೊರೆಗೆ ಹೇಳಿದ ಮಾತಿದು. ಲೋಕದ ಶಾಂತಿ ಎರಡನೆಯ ಬರುವಿಕೆಯಲ್ಲಿ, ಮೊದಲ ಬಾರಿ ಬಂದದ್ದು ಆತ್ಮಗಳ ಬಿಡುಗಡೆಗಾಗಿ ಎಂಬುದು ಇದಕ್ಕೆ ಕ್ರೈಸ್ತರ ಉತ್ತರ.

ಕೊನೆಗೆ ಅವರು ಇನ್ನೊಂದು ಮಾತು ಸ್ಪಷ್ಟಪಡಿಸಿದರು. ತಮ್ಮ ಧರ್ಮ ನಿಂತಿರುವುದು ಮೆಸ್ಸೀಯನ ಮೇಲೆ ಅಲ್ಲ. ಅವನೂ ಒಬ್ಬ ಅರಸ, ಈ ದೊರೆಯೂ ಒಬ್ಬ ಅರಸ. ನಿಜವಾದ ಭಿನ್ನಾಭಿಪ್ರಾಯ ಇರುವುದು ಸೃಷ್ಟಿಕರ್ತನೇ ಹೆಣ್ಣಿನ ಹೊಟ್ಟೆಯಲ್ಲಿ ಹುಟ್ಟಿ, ಬೆಳೆದು, ಕೊಲ್ಲಲ್ಪಟ್ಟನೆಂಬ ನಂಬಿಕೆಯ ಬಗ್ಗೆ. ಬಾಲ್ಯದಿಂದ ಕೇಳುತ್ತ ಬಂದವರಿಗೆ ಇದು ಸಹಜವೆನಿಸಬಹುದು, ಹೊಸದಾಗಿ ಕೇಳುವವನ ಬುದ್ಧಿಗೆ ಒಪ್ಪಿಗೆಯಾಗದು ಎಂದರು.

ಸಭೆಯ ಹೊರಗೆ ಊರಿನ ಯಹೂದಿಗಳು ಭಯದಿಂದ ನಡುಗುತ್ತಿದ್ದರು. ಇನ್ನು ಸಾಕು, ನಿಲ್ಲಿಸಿಬಿಡಿ ಎಂದು ಅವರೇ ತಮ್ಮ ರಬ್ಬಿಯನ್ನು ಬೇಡಿಕೊಂಡರು. ನಾಲ್ಕು ಬೈಠಕ್‌ಗಳ ನಂತರ, ವಿಧ್ಯುಕ್ತವಾದ ತೀರ್ಮಾನವಿಲ್ಲದೆಯೇ ವಾದ ನಿಂತಿತು.

ಗೆದ್ದವರಾರು?

ಈ ವಾದಕ್ಕೆ ಎರಡು ವರದಿಗಳು ಉಳಿದಿವೆ. ರಾಜಮುದ್ರೆ ಹೊತ್ತ ಚಿಕ್ಕ ಲ್ಯಾಟಿನ್ ವರದಿಯ ಪ್ರಕಾರ ರಬ್ಬಿ ಉತ್ತರಿಸಲಾಗದೆ ತಬ್ಬಿಬ್ಬಾದರು. ನಹ್ಮಾನಿಡೀಸರೇ ಬರೆದ ಹಿಬ್ರೂ ವರದಿಯ ಪ್ರಕಾರ, ತಪ್ಪು ಪಕ್ಷವನ್ನು ಇಷ್ಟು ಚೆನ್ನಾಗಿ ಸಮರ್ಥಿಸಿದವರನ್ನು ತಾನು ಕಂಡಿಲ್ಲವೆಂದು ದೊರೆ ಮೆಚ್ಚಿ, 300 ನಾಣ್ಯ ಕೊಟ್ಟು ಬೀಳ್ಕೊಟ್ಟ. ಎರಡೂ ವರದಿಗಳು ತಮ್ಮ ತಮ್ಮ ಪಕ್ಷಕ್ಕೆ ವಾಲಿವೆಯೆಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ.

ಮುಂದೆ ನಡೆದದ್ದರ ಬಗ್ಗೆ ಮಾತ್ರ ಅನುಮಾನವಿಲ್ಲ. ಕೆಲವೇ ವಾರಗಳಲ್ಲಿ, ಯಹೂದಿಗಳು ಸಂನ್ಯಾಸಿಗಳ ಧರ್ಮೋಪದೇಶ ಕೇಳಬೇಕು, ತಮ್ಮ ಗ್ರಂಥಗಳಲ್ಲಿ ಯೇಸುವಿಗೆ ಅವಮಾನವೆನಿಸುವ ಭಾಗಗಳನ್ನು ಅಳಿಸಬೇಕು ಎಂಬ ರಾಜಾಜ್ಞೆಗಳು ಹೊರಟವು. ವಾದದ ವರದಿ ಬರೆದ ಕಾರಣಕ್ಕೆ 1265ರಲ್ಲಿ ನಹ್ಮಾನಿಡೀಸ್ ಮೇಲೆ ದೇವದೂಷಣೆಯ ದೂರು ಬಂತು. ಅರಮನೆಯಲ್ಲಿ ಆಡಿದ್ದನ್ನೇ ಬರೆದಿದ್ದೇನೆ, ಆಗ ದೊರೆಯೇ ಮಾತಿನ ಸ್ವಾತಂತ್ರ್ಯ ಕೊಟ್ಟಿದ್ದರು ಎಂದು ಅವರು ಸಮರ್ಥಿಸಿಕೊಂಡರು. ದೊರೆ ಅದನ್ನು ಒಪ್ಪಿ ಹಗುರವಾದ ಶಿಕ್ಷೆ ಸೂಚಿಸಿದರೂ ಡೊಮಿನಿಕನ್ನರು ಸಮಾಧಾನಗೊಳ್ಳಲಿಲ್ಲ. ದೂರು ಪೋಪ್‌ವರೆಗೂ ಹೋಯಿತು. ಕೊನೆಗೆ ವೃದ್ಧ ರಬ್ಬಿ ಮನೆಮಠ, ಶಿಷ್ಯರು, ಮಕ್ಕಳನ್ನೆಲ್ಲ ಬಿಟ್ಟು ಸಮುದ್ರ ದಾಟಿ, 1267ರಲ್ಲಿ ಜೆರುಸಲೇಮ್ ಸೇರಿದರು. ಯುದ್ಧಗಳಿಂದ ಹಾಳುಬಿದ್ದಿದ್ದ ಆ ನಗರದಲ್ಲಿ ಅವರಿಗೆ ಸಿಕ್ಕ ಯಹೂದಿಗಳು ಬಣ್ಣ ಹಾಕುವ ವೃತ್ತಿಯ ಇಬ್ಬರು ಸೋದರರು ಮಾತ್ರವೆಂದು ಮಗನಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾರೆ. ಅಲ್ಲೊಂದು ಪ್ರಾರ್ಥನಾ ಮಂದಿರ ಏರ್ಪಡಿಸಿದ ಅವರು 1270ರ ಸುಮಾರಿಗೆ ತೀರಿಕೊಂಡರು.

ಸ್ಪೇನಿನ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1413-14ರಲ್ಲಿ ಟೊರ್ಟೋಸಾದಲ್ಲಿ ಇದೇ ವಿಷಯದ ಮೇಲೆ 69 ಬೈಠಕ್‌ಗಳ ವಾದ ನಡೆಯಿತು. ಅಲ್ಲಿ ಬಾರ್ಸಿಲೋನಾದಷ್ಟು ಸ್ವಾತಂತ್ರ್ಯವೂ ಇರಲಿಲ್ಲ. 1391ರ ಹತ್ಯಾಕಾಂಡದಿಂದ ಜರ್ಜರಿತವಾಗಿದ್ದ ಸಮುದಾಯದ ಅನೇಕರು ಮತಾಂತರಗೊಂಡರು. 1492ರಲ್ಲಿ ಉಳಿದ ಯಹೂದಿಗಳನ್ನೂ ಸ್ಪೇನಿನಿಂದ ಹೊರಹಾಕಲಾಯಿತು.

ಮರಳುಗಾಡಿನ ಸುರುಳಿ

1947ರ ಸುಮಾರಿಗೆ ಕುಮ್ರಾನ್‌ನ ಗುಹೆಯೊಂದರಲ್ಲಿ ಕುರುಬರ ಕೈಗೆ ಸಿಕ್ಕ ಚರ್ಮದ ಸುರುಳಿಗಳಲ್ಲಿ ಯೆಶಾಯನ ಇಡೀ ಗ್ರಂಥವೂ ಇತ್ತು. ಏಳು ಮೀಟರಿಗೂ ಉದ್ದವಾದ ಈ ಪ್ರತಿ ಯೇಸುವಿಗಿಂತ ನೂರು ವರ್ಷಕ್ಕೂ ಹಿಂದಿನದು. ಅಂದರೆ ವಿವಾದವೇ ಹುಟ್ಟುವ ಮುಂಚಿನದು. ಅದರಲ್ಲೂ 7ನೇ ಅಧ್ಯಾಯದಲ್ಲಿ ಇರುವುದು ‘ಅಲ್ಮಾ’ ಎಂದೇ. ನೋವುಂಡ ಸೇವಕನ ಅಧ್ಯಾಯವೂ ಕೆಲವು ಸಣ್ಣ ಪಾಠಭೇದಗಳನ್ನು ಬಿಟ್ಟರೆ ಇಂದು ಇರುವಂತೆಯೇ ಇದೆ. ಈ ಎರಡು ಅಧ್ಯಾಯಗಳ ಮಟ್ಟಿಗಂತೂ, ಯಹೂದಿಗಳು ಮೂಲವನ್ನು ಅಳಿಸಿದರೆಂಬ ಸಂಶಯಕ್ಕಾಗಲಿ, ಕ್ರೈಸ್ತರು ಅಧ್ಯಾಯವನ್ನೇ ಸೇರಿಸಿದರೆಂಬ ಸಂಶಯಕ್ಕಾಗಲಿ ಇಲ್ಲಿ ಆಧಾರ ಸಿಗಲಿಲ್ಲ. ಪಾಠ ಒಂದೇ, ಓದು ಎರಡು.

ಇಂದಿನ ಚಾರಿತ್ರಿಕ ವಿಮರ್ಶೆಯ ವಿದ್ವಾಂಸರಲ್ಲಿ, ಅವರು ಯಾವ ಧರ್ಮದವರೇ ಆಗಿರಲಿ, ಪ್ರವಾದಿಗಳು ಮೊದಲಿಗೆ ಮಾತಾಡಿದ್ದು ತಮ್ಮ ಕಾಲದ ಜನರಿಗೆ ಎಂಬ ಬಗ್ಗೆ ಬಹುಮಟ್ಟಿಗೆ ಸಹಮತವಿದೆ. 1952ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರಿಷ್ಕೃತ ಇಂಗ್ಲಿಷ್ ಬೈಬಲ್ ಯೆಶಾಯನ ಆ ವಚನದಲ್ಲಿ ‘ಕನ್ಯೆ’ಯ ಬದಲು ‘ತರುಣಿ’ ಎಂದು ಅಚ್ಚು ಹಾಕಿದಾಗ ಗದ್ದಲವೆದ್ದು, ಪಾದ್ರಿಯೊಬ್ಬರು ಆ ಪುಟವನ್ನು ಬಹಿರಂಗವಾಗಿ ಸುಟ್ಟಿದ್ದರು. 2011ರಲ್ಲಿ ಅಲ್ಲಿನ ಕ್ಯಾಥೊಲಿಕ್ ಬೈಬಲಿನ ಹೊಸ ಪರಿಷ್ಕರಣವೂ ‘ತರುಣಿ’ ಎಂದೇ ಬದಲಾಯಿಸಿಕೊಂಡಾಗ ಅಂಥ ಬೆಂಕಿಯೇನೂ ಏಳಲಿಲ್ಲ. ಯೇಸುವಿನ ಸಾವಿನ ಹೊಣೆಯನ್ನು ಇಡೀ ಯಹೂದಿ ಜನಾಂಗದ ಮೇಲೆ ಹೊರಿಸಲಾಗದೆಂದು 1965ರಲ್ಲಿ ವ್ಯಾಟಿಕನ್ ಮಹಾಸಭೆ ಸಾರಿತು. 2001ರಲ್ಲಿ ವ್ಯಾಟಿಕನ್ನಿನ ಬೈಬಲ್ ಆಯೋಗ, ಹಿಬ್ರೂ ಗ್ರಂಥಗಳನ್ನು ಯಹೂದಿಗಳು ಓದುವ ಬಗೆಯೂ ಸಾಧ್ಯವಾದ ಓದೇ, ಮೆಸ್ಸೀಯನಿಗಾಗಿ ಅವರು ಕಾಯುವುದು ವ್ಯರ್ಥವಲ್ಲ ಎಂದು ಒಪ್ಪಿಕೊಂಡಿತು. ಹೀಗೆ ಹೇಳುವಾಗ ಅದು ಯೇಸುವೇ ಕ್ರಿಸ್ತನೆಂಬ ತನ್ನ ನಂಬಿಕೆಯನ್ನೇನೂ ಸಡಿಲಿಸಲಿಲ್ಲ.

ನಿಘಂಟು, ವ್ಯಾಕರಣ, ಹಸ್ತಪ್ರತಿಗಳು ‘ಅಲ್ಮಾ’ ಎಂದರೆ ಏನೆಂದು ಹೇಳಬಲ್ಲವು. ಯೆಶಾಯನ ಕಾಲದ ಅರಸನಿಗೆ ಆ ಮಾತು ಹೇಗೆ ಕೇಳಿಸಿರಬಹುದೆಂದು ಹೇಳಬಲ್ಲವು. ಪ್ರವಾದಿ ತಾನು ಅರಿತದ್ದಕ್ಕಿಂತ ಹೆಚ್ಚಿನದನ್ನು ನುಡಿದನೇ ಎಂಬ ಪ್ರಶ್ನೆಗೆ ಅವು ಉತ್ತರ ಕೊಡಲಾರವು. ಅದು ನಂಬಿಕೆಯ ಪ್ರಶ್ನೆ. ಆ ಪ್ರಶ್ನೆಯನ್ನು ರಾಜಾಜ್ಞೆಯಿಂದ ತೀರ್ಮಾನಿಸಲು ಹೊರಟಾಗ ಆದದ್ದೇನೆಂಬುದಕ್ಕೆ ಜಿರೋನಾದ ಆ ವೃದ್ಧ ಕೊನೆಗಾಲದಲ್ಲಿ ಊರು ಬಿಡಬೇಕಾಗಿ ಬಂದದ್ದೇ ಸಾಕ್ಷಿ. ಅವರನ್ನು ಹೊರಗೆ ಕಳಿಸಿದ ಅದೇ ವರದಿಯನ್ನು ಇಂದು ಯಹೂದಿ ಮತ್ತು ಕ್ರೈಸ್ತ ವಿದ್ಯಾರ್ಥಿಗಳು ಒಂದೇ ತರಗತಿಯಲ್ಲಿ ಕುಳಿತು, ಲ್ಯಾಟಿನ್ ವರದಿಯ ಜೊತೆಗಿಟ್ಟು ಓದುವುದು ಸಾಧ್ಯವಾಗಿದೆ.